ಕುದುರೆ ಮಸಾಲೆಗೆ ಕುಡುಗೋಲು ಹಾಕುವ ದಿನ: ಒಂದು ಪ್ರಶ್ನೆಯ ಎರಡು ಸಾವಿರ ವರ್ಷ

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವವರನ್ನು ನೀವು ಗಮನಿಸಿರಬಹುದು. ಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿ ನೋಡುತ್ತಾರೆ. ಟಕ್ ಎಂದು ಮುರಿದರೆ ಎಳೆಯದು. ಮುರಿಯದೆ ಬಾಗಿದರೆ ಬಲಿತದ್ದು. ಕೊಯ್ಲು ಎರಡು ದಿನ ತಡವಾದರೆ ಕಾಯಿಯ ತೂಕ ಹೆಚ್ಚುತ್ತದೆ; ಆದರೆ ತಿನ್ನಲು ಅದು ಬರಿಯ ನಾರು. ಬೆಳೆದವನಿಗೆ ತೂಕ ಬೇಕು, ತಿನ್ನುವವನಿಗೆ ಎಳೆತನ ಬೇಕು.

ಮೇವಿನ ಬೆಳೆಗಳಲ್ಲೂ ಇದೇ ತಕರಾರಿದೆ. ಆದರೆ ಅಲ್ಲಿ ತಿನ್ನುವವಳು ಹಸು. ತುದಿ ಮುರಿದು ನೋಡಿ ಆರಿಸಿಕೊಳ್ಳುವ ಅವಕಾಶ ಅವಳಿಗಿಲ್ಲ. ಮುಂದೆ ಹಾಕಿದ್ದನ್ನು ತಿನ್ನಬೇಕು, ಸೇರದಿದ್ದರೆ ಬಿಡಬೇಕು. ಬಿಟ್ಟದ್ದರ ಲೆಕ್ಕ ಸಂಜೆ ಹಾಲಿನ ಪಾತ್ರೆಯಲ್ಲಿ ಸಿಗುತ್ತದೆ.

ಮೇವನ್ನು ಯಾವ ದಿನ ಕೊಯ್ದರೆ ಒಳ್ಳೆಯದು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಇದಕ್ಕೆ ಎರಡು ಸಾವಿರ ವರ್ಷಗಳಿಂದ ಉತ್ತರ ಹುಡುಕುತ್ತಲೇ ಇದ್ದಾರೆ, ಮತ್ತು ಉತ್ತರ ಬದಲಾಗುತ್ತಲೇ ಇದೆ. ಗಿಡವೇನೂ ಬದಲಾಗಿಲ್ಲ. ನಾವು ಅಳೆಯುವ ವಸ್ತು ಬದಲಾದಾಗಲೆಲ್ಲ ಸರಿಯಾದ ದಿನವೂ ಬದಲಾಗಿದೆ. ಈ ಕಥೆಗೆ 'ಮೇವಿನ ಬೆಳೆಗಳ ರಾಣಿ' ಎಂದು ಹೆಸರಾದ ಕುದುರೆ ಮಸಾಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಅಶ್ವದ ಮೇವು

ನಮ್ಮ ರೈತರು ಕುದುರೆ ಮಸಾಲೆ ಎಂದು ಕರೆಯುವ ಈ ದ್ವಿದಳ ಗಿಡದ ವೈಜ್ಞಾನಿಕ ಹೆಸರು ಮೆಡಿಕಾಗೊ ಸಟೈವ. ಇಂಗ್ಲೆಂಡಿನಲ್ಲಿ ಇದು ಲೂಸರ್ನ್, ಅಮೆರಿಕದಲ್ಲಿ ಆಲ್ಫಾಲ್ಫಾ. ಪ್ರಾಚೀನ ಪರ್ಷಿಯನ್ನರು ಇದನ್ನು 'ಅಸ್ಪಸ್ತ್' ಎನ್ನುತ್ತಿದ್ದರು. ಅಂದರೆ ಕುದುರೆಯ ಮೇವು. ಅವರ 'ಅಸ್ಪ' ನಮ್ಮ 'ಅಶ್ವ'ದ ಒಡಹುಟ್ಟು. ಅದೇ ಪದ ಅರಬ್ಬಿಯ ಮೂಲಕ ಸ್ಪೇನಿಗೆ ಹೋಗಿ ಆಲ್ಫಾಲ್ಫಾ ಆಯಿತು. ಕುದುರೆಯ ನಂಟು ಕನ್ನಡದ ಹೆಸರಿನಲ್ಲೂ ಉಳಿದಿದೆ.

ಈ ಗಿಡದ ಒಂದು ಗುಣವನ್ನು ಮೊದಲೇ ತಿಳಿದುಕೊಳ್ಳಬೇಕು. ಭತ್ತ, ರಾಗಿಗಳನ್ನು ಕೊಯ್ದರೆ ಅಲ್ಲಿಗೆ ಆ ಗಿಡದ ಬಾಳು ಮುಗಿಯಿತು. ಕುದುರೆ ಮಸಾಲೆ ಹಾಗಲ್ಲ. ಒಮ್ಮೆ ಬಿತ್ತಿದರೆ ಕೆಲವು ವರ್ಷ ನಿಲ್ಲುತ್ತದೆ. ಕೊಯ್ದಷ್ಟೂ ಬುಡದಿಂದ ಮತ್ತೆ ಚಿಗುರುತ್ತದೆ. ಬೇರು ಹಲವು ಮೀಟರ್ ಆಳಕ್ಕೆ ಇಳಿಯುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ನೈಟ್ರೋಜನನ್ನು ಹಿಡಿದು ಕೊಡುವುದರಿಂದ ಗಿಡದಲ್ಲಿ ಪ್ರೋಟೀನು ಹೇರಳ. ಹೀಗಾಗಿ ಇಲ್ಲಿ ಕೊಯ್ಲು ಎಂದರೆ ಬೆಳೆಯ ಅಂತ್ಯವಲ್ಲ. ಗಿಡದ ಬಾಳಿನಲ್ಲಿ ಮತ್ತೆ ಮತ್ತೆ ಬೀಳುವ ಪೆಟ್ಟು. ಆ ಪೆಟ್ಟು ಯಾವಾಗ ಬಿದ್ದರೆ ಹಸುವಿಗೆ ಹಿತ, ಯಾವಾಗ ಬಿದ್ದರೆ ಗಿಡಕ್ಕೆ ಸಹ್ಯ ಎಂಬುದೇ ಪ್ರಶ್ನೆ.

ರೋಮನ್ನರ ಉತ್ತರ

ಪರ್ಷಿಯದ ದೊರೆ ದಾರಿಯಸ್ ಗ್ರೀಸಿನ ಮೇಲೆ ದಂಡೆತ್ತಿ ಬಂದಾಗ ಈ ಬೆಳೆ ಮೀಡಿಯಾ ಪ್ರಾಂತ್ಯದಿಂದ ಗ್ರೀಸಿಗೆ ಬಂದಿತೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಲ್ಯಾಟಿನ್ನಿನಲ್ಲಿ ಇದಕ್ಕೆ 'ಮೆಡಿಕಾ' ಎಂಬ ಹೆಸರು ಬಂದದ್ದು ಆ ಮೀಡಿಯಾದಿಂದಲೇ. ವೆಸೂವಿಯಸ್ ಜ್ವಾಲಾಮುಖಿ ಸಿಡಿದ ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ಇವನೇ. ಹೂ ಬಿಡಲು ತೊಡಗಿದಾಗ ಕೊಯ್ಯಬೇಕು, ಮತ್ತೆ ಹೂ ಬಂದಾಗ ಮತ್ತೆ ಕೊಯ್ಯಬೇಕು. ಹೀಗೆ ವರ್ಷಕ್ಕೆ ಆರು ಸಲ, ಕಡಿಮೆಯೆಂದರೆ ನಾಲ್ಕು ಸಲ ಎಂಬುದು ಅವನ ಸಲಹೆ.

ಅವನ ಸಮಕಾಲೀನ ಕೊಲುಮೆಲ್ಲ ಸ್ವತಃ ಬೇಸಾಯಗಾರ. ಅವನ ಮಾತಿನಲ್ಲಿ ಇನ್ನಷ್ಟು ಸೂಕ್ಷ್ಮವಿದೆ. ಮೊದಲ ಕೊಯ್ಲನ್ನು ತಡಮಾಡಿ, ಗಿಡ ಸ್ವಲ್ಪ ಬೀಜ ಉದುರಿಸಿದ ಮೇಲೆ ಮಾಡಬೇಕು. ಅನಂತರದ ಕೊಯ್ಲುಗಳನ್ನು ಬೇಕಾದಷ್ಟು ಎಳೆಯದಾಗಿ ಮಾಡಬಹುದು. ಆದರೆ ದನಗಳಿಗೆ ಮೊದಮೊದಲು ಸ್ವಲ್ಪ ಸ್ವಲ್ಪವೇ ಹಾಕಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಇವು ಅವನು ಕೊಟ್ಟ ಸೂಚನೆಗಳು.

ಪ್ಲಿನಿಯ ನಿಯಮ ಹೂವನ್ನು ನೋಡಿ ಹೇಳಿದ್ದು. ಕೊಲುಮೆಲ್ಲನ ನಿಯಮದಲ್ಲಿ ಗಿಡದ ಭವಿಷ್ಯದ ಚಿಂತೆ ಇದೆ, ದನದ ಹೊಟ್ಟೆಯ ಚಿಂತೆಯೂ ಇದೆ. ಇಬ್ಬರ ಬಳಿಯೂ ಕಣ್ಣನ್ನು ಬಿಟ್ಟರೆ ಬೇರೆ ಉಪಕರಣವಿರಲಿಲ್ಲ. ಅವರ ಮಾತಿನ ಹಿಂದಿನ ಕಾರಣ ತಿಳಿಯಲು ಹದಿನೆಂಟು ಶತಮಾನ ಕಾಯಬೇಕಾಯಿತು.

ತಕ್ಕಡಿಯಿಂದ ಪ್ರಯೋಗಶಾಲೆಗೆ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಥೇರ್ ಒಣಹುಲ್ಲನ್ನೇ ಮಾನವಾಗಿಟ್ಟುಕೊಂಡು ಇತರ ಮೇವುಗಳನ್ನು ಅದರೊಡನೆ ಹೋಲಿಸುವ ಪದ್ಧತಿ ತಂದ. 1830ರ ದಶಕದಲ್ಲಿ ಫ್ರಾನ್ಸಿನ ಬೂಸಾಂಗೋ ಮೇವುಗಳನ್ನು ಅವುಗಳಲ್ಲಿರುವ ನೈಟ್ರೋಜನ್ ಪ್ರಮಾಣದ ಮೇಲೆ ಸಾಲುಗೂಡಿಸಿದ. 1860ರ ದಶಕದಲ್ಲಿ ಗ್ಯಾಟಿಂಗೆನ್ ಸಮೀಪದ ವೇಂಡೆ ಪ್ರಯೋಗ ಕೇಂದ್ರದಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಮೇವಿನ ವಿಶ್ಲೇಷಣೆಗೆ ಒಂದು ಸಂಪೂರ್ಣ ಕ್ರಮ ರೂಪಿಸಿದರು.

ಆ ಕ್ರಮ ಹೀಗಿದೆ. ಮಾದರಿಯನ್ನು ಒಣಗಿಸಿದರೆ ನೀರಿನಂಶ ತಿಳಿಯುತ್ತದೆ. ಸುಟ್ಟರೆ ಬೂದಿ ಉಳಿಯುತ್ತದೆ. ಈಥರಿನಲ್ಲಿ ಕರಗುವುದು ಕೊಬ್ಬು. ನೈಟ್ರೋಜನ್ ಅಳೆದು 6.25ರಿಂದ ಗುಣಿಸಿದರೆ ಕಚ್ಚಾ ಪ್ರೋಟೀನು. ಏಕೆಂದರೆ ಪ್ರೋಟೀನಿನಲ್ಲಿ ನೈಟ್ರೋಜನ್ ಸುಮಾರು ಶೇಕಡ 16. ಮಾದರಿಯನ್ನು ದುರ್ಬಲ ಆಮ್ಲದಲ್ಲಿ, ಬಳಿಕ ದುರ್ಬಲ ಕ್ಷಾರದಲ್ಲಿ ಕುದಿಸಿದಾಗ ಕರಗದೆ ಉಳಿಯುವುದು ಕಚ್ಚಾ ನಾರು. ಇವೆಲ್ಲವನ್ನೂ ಕೂಡಿ ನೂರರಿಂದ ಕಳೆದರೆ ಉಳಿಯುವುದು ಸಕ್ಕರೆ, ಪಿಷ್ಟಗಳಂಥ ಸುಲಭವಾಗಿ ಜೀರ್ಣವಾಗುವ ಭಾಗ ಎಂದು ಅವರು ತಿಳಿದರು. ಈ ಕೊನೆಯ ಸಾಲನ್ನು ನೆನಪಿಡಿ. ಅದರಲ್ಲೊಂದು ದೋಷ ಅಡಗಿದೆ. ಅದಕ್ಕೆ ಮುಂದೆ ಬರೋಣ.

ನೈಟ್ರೋಜನ್ ಅಳೆಯುವುದು ಮೊದಲು ತ್ರಾಸದ ಕೆಲಸವಾಗಿತ್ತು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ಡಾಲ್ ಅದನ್ನು ಸುಲಭಗೊಳಿಸಿದ. ಅವನಿಗೆ ಬೇಕಾಗಿದ್ದುದು ಬಿಯರ್ ತಯಾರಿಕೆಗೆ ಬಾರ್ಲಿಯ ಪ್ರೋಟೀನಿನ ಲೆಕ್ಕ; ಅದರ ಲಾಭ ಪಡೆದದ್ದು ಜಗತ್ತಿನ ದನದ ಕೊಟ್ಟಿಗೆಗಳು.

ಗಿಡದ ಜೀವನ ಚರಿತ್ರೆ

ಈ ಉಪಕರಣಗಳನ್ನು ಹಿಡಿದು ಕುದುರೆ ಮಸಾಲೆಯ ಹೊಲಕ್ಕೆ ಇಳಿದವರಲ್ಲಿ ಒಬ್ಬರು ಜಾನ್ ವಿಡ್ಟ್‌ಸೊ. ನಾರ್ವೆಯಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿ, ಅಮೆರಿಕದ ಯೂಟಾ ಕೃಷಿ ಕಾಲೇಜಿಗೆ ಬಂದ ರಸಾಯನ ವಿಜ್ಞಾನಿ. 1897ರಲ್ಲಿ ಅವರು ಕುದುರೆ ಮಸಾಲೆಯ 'ರಾಸಾಯನಿಕ ಜೀವನ ಚರಿತ್ರೆ'ಯನ್ನು ಪ್ರಕಟಿಸಿದರು. ಬೆಳವಣಿಗೆಯ ಉದ್ದಕ್ಕೂ ಮತ್ತೆ ಮತ್ತೆ ಮಾದರಿ ತೆಗೆದು, ಎಲೆ, ಕಾಂಡಗಳನ್ನು ಬೇರೆ ಬೇರೆ ಮಾಡಿ ವಿಶ್ಲೇಷಿಸುವ ತಾಳ್ಮೆಯ ಕೆಲಸ ಅದು.

ಇಂಥ ಕೆಲಸಗಳಿಂದ ಸ್ಪಷ್ಟವಾದದ್ದೇನು? ವಯಸ್ಸಾದಂತೆ ಗಿಡದ ಗುಣ ಇಳಿಯುತ್ತದೆ ಎನ್ನುತ್ತೇವೆ. ವಾಸ್ತವವಾಗಿ ಎಲೆಯ ಗುಣ ಅಷ್ಟೇನೂ ಇಳಿಯುವುದಿಲ್ಲ. ಇಳಿಯುವುದು ಕಾಂಡದ ಗುಣ. ಜೊತೆಗೆ ಒಟ್ಟು ತೂಕದಲ್ಲಿ ಕಾಂಡದ ಪಾಲು ಏರುತ್ತ ಹೋಗುತ್ತದೆ. ಮೊಗ್ಗಿನ ಹಂತದಲ್ಲಿ ತೂಕದ ಅರ್ಧದಷ್ಟು ಎಲೆಯೇ ಇರುತ್ತದೆ. ಹೂ ತುಂಬುವ ಹೊತ್ತಿಗೆ ಕಾಂಡದ ಕೈ ಮೇಲಾಗುತ್ತದೆ. ಪ್ರೋಟೀನಿನ ಬಹುಭಾಗ ಇರುವುದು ಎಲೆಯಲ್ಲಿ. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿಯ ಕೋಷ್ಟಕಗಳಲ್ಲಿ ಒಣಮೇವಿನ ಕಚ್ಚಾ ಪ್ರೋಟೀನು ಹೂ ಆರಂಭದಲ್ಲಿ ಶೇಕಡ 18, ನಡು ಹೂವಿನಲ್ಲಿ 17, ತುಂಬು ಹೂವಿನಲ್ಲಿ 15. ಇದು ಕೆಲವೇ ದಿನಗಳಲ್ಲಿ ಆಗುವ ಇಳಿತ.

ಹಾಗಾದರೆ ಆದಷ್ಟು ಬೇಗ ಕೊಯ್ಯುವುದೇ ಒಳ್ಳೆಯದಲ್ಲವೆ? ಕ್ಯಾನ್ಸಸ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಸಾಮನ್, ಸ್ವಾನ್ಸನ್, ಮೆಕ್‌ಕ್ಯಾಂಪ್‌ಬೆಲ್ ಎಂಬ ಮೂವರು ಇದನ್ನು ಹಲವು ವರ್ಷ ಪರೀಕ್ಷಿಸಿ 1925ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ತಾಕುಗಳನ್ನು ಮೊಗ್ಗಿನಲ್ಲೇ ಕೊಯ್ದರು. ಕೆಲವನ್ನು ಹತ್ತರಲ್ಲಿ ಒಂದು ಪಾಲು ಹೂ ಬಂದಾಗ, ಕೆಲವನ್ನು ತುಂಬು ಹೂವಿನಲ್ಲಿ, ಇನ್ನು ಕೆಲವನ್ನು ಬೀಜದ ಹಂತದಲ್ಲಿ ಕೊಯ್ದರು. ಮೊಗ್ಗಿನಲ್ಲಿ ಕೊಯ್ದ ಮೇವು ಪ್ರೋಟೀನಿನಲ್ಲಿ ಮುಂದಿತ್ತು. ಆದರೆ ವರ್ಷಗಳು ಉರುಳಿದಂತೆ ಆ ತಾಕುಗಳಲ್ಲಿ ಗಿಡಗಳು ಸತ್ತು ವಿರಳವಾದವು, ಖಾಲಿ ಜಾಗದಲ್ಲಿ ಕಳೆ ತುಂಬಿತು. ಒಳ್ಳೆಯ ಮೇವು ಬೇಕೆಂಬ ಆಸೆ ಹೊಲವನ್ನೇ ತಿಂದುಹಾಕಿತ್ತು.

ಒಂದು ಮಾತು. ಈ ಮೂವರಲ್ಲಿ ಮೊದಲಿಗರಾದ ಸೆಸಿಲ್ ಸಾಮನ್ ಅವರೇ ಎರಡನೆಯ ಮಹಾಯುದ್ಧದ ಬಳಿಕ, 1946ರಲ್ಲಿ, ಜಪಾನಿನಿಂದ 'ನೋರಿನ್ 10' ಎಂಬ ಕುಳ್ಳು ಗೋಧಿಯ ಬೀಜವನ್ನು ಅಮೆರಿಕಕ್ಕೆ ತಲುಪಿಸಿದವರು. ನಮ್ಮ ಹಸಿರು ಕ್ರಾಂತಿಯ ಗೋಧಿ ತಳಿಗಳ ಕುಳ್ಳುತನ ಅಲ್ಲಿಂದ ಬಂದದ್ದು.

ಬೇರಿನ ಉಳಿತಾಯ ಖಾತೆ

ಬೇಗ ಕೊಯ್ದರೆ ಗಿಡ ಏಕೆ ಸಾಯುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ನೆಲದ ಮೇಲಲ್ಲ, ಕೆಳಗೆ. ವಿಸ್ಕಾನ್ಸಿನ್ ಅಮೆರಿಕದ ಉತ್ತರ ಭಾಗದ ಚಳಿ ರಾಜ್ಯ. ಅಲ್ಲಿ ಕುದುರೆ ಮಸಾಲೆ ಚಳಿಗಾಲದಲ್ಲಿ ಸಾಯುವುದು ದೊಡ್ಡ ಸಮಸ್ಯೆಯಾಗಿತ್ತು. ತಪ್ಪೆಲ್ಲ ಚಳಿಯದೇ ಅಲ್ಲ, ಕುಡುಗೋಲಿನದೂ ಇದೆ ಎಂದು ಲಾರೆನ್ಸ್ ಗ್ರೇಬರ್ ಮತ್ತು ಅವರ ಸಂಗಡಿಗರು 1927ರಲ್ಲಿ ತೋರಿಸಿದರು.

ಕೊಯ್ದ ಮರುದಿನ ಗಿಡಕ್ಕೆ ಎಲೆ ಇರುವುದಿಲ್ಲ. ಎಲೆ ಇಲ್ಲದೆ ದ್ಯುತಿಸಂಶ್ಲೇಷಣೆ ಇಲ್ಲ. ಆದರೂ ಚಿಗುರು ಬರುತ್ತದಲ್ಲ, ಅದರ ಬಂಡವಾಳ ಎಲ್ಲಿಯದು? ಬೇರಿನಲ್ಲಿ ಕೂಡಿಟ್ಟ ಪಿಷ್ಟ, ಸಕ್ಕರೆಗಳದು. ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಕೊಯ್ದ ಗಿಡವನ್ನು ಕತ್ತಲೆಯಲ್ಲಿಟ್ಟು ಚಿಗುರಲು ಬಿಡಿ. ಬೆಳಕಿಲ್ಲದೆ ಬರುವ ಬಿಳಿಚು ಚಿಗುರೆಲ್ಲ ಬೇರಿನ ಉಳಿತಾಯದಿಂದ ತೆಗೆದ ಹಣ. ಚಿಗುರು ನಿಂತಾಗ ಖಾತೆ ಬರಿದಾಯಿತೆಂದು ಅರ್ಥ. ಚಿಗುರನ್ನು ತೂಗಿದರೆ ಖಾತೆಯಲ್ಲಿ ಎಷ್ಟಿತ್ತೆಂದು ತಿಳಿಯುತ್ತದೆ.

ಅನಂತರದ ದಶಕಗಳಲ್ಲಿ ಅದೇ ವಿಸ್ಕಾನ್ಸಿನ್ನಿನ ಡೇಲ್ ಸ್ಮಿತ್ ಈ ಖಾತೆಯ ಏರಿಳಿತವನ್ನು ವಿವರವಾಗಿ ಅಳೆದರು. ಕೊಯ್ದ ಬಳಿಕ ಎರಡು ಮೂರು ವಾರ ಉಳಿತಾಯ ಇಳಿಯುತ್ತದೆ. ಚಿಗುರು ಒಂದು ಗೇಣು ಎತ್ತರವಾಗುವ ಹೊತ್ತಿಗೆ ಎಲೆಗಳು ಸ್ವಂತ ದುಡಿಮೆಗೆ ತೊಡಗುತ್ತವೆ. ಅಲ್ಲಿಂದ ಮುಂದೆ ಖಾತೆ ತುಂಬುತ್ತ ಬಂದು, ಹೂ ತುಂಬುವ ಹೊತ್ತಿಗೆ ಶಿಖರ ಮುಟ್ಟುತ್ತದೆ. ಖಾತೆ ಇನ್ನೂ ತಗ್ಗಿನಲ್ಲಿರುವಾಗಲೇ ಮತ್ತೆ ಕೊಯ್ದರೆ? ಒಮ್ಮೆ ತಾಳಿಕೊಳ್ಳುತ್ತದೆ, ಎರಡು ಸಲ ತಾಳಿಕೊಳ್ಳುತ್ತದೆ. ಆಮೇಲೆ ಒಂದು ಚಳಿಗೋ ಬರಕ್ಕೋ ರೋಗಕ್ಕೋ ಸೋತು ಹೋಗುತ್ತದೆ.

ಈಗ ಪ್ರಶ್ನೆಯ ನಿಜರೂಪ ನಮ್ಮ ಮುಂದಿದೆ. ಎರಡು ರೇಖೆಗಳನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಮೇವಿನ ಗುಣದ ರೇಖೆ ದಿನದಿನಕ್ಕೆ ಇಳಿಯುತ್ತಿದೆ. ಬೇರಿನ ಉಳಿತಾಯದ ರೇಖೆ ದಿನದಿನಕ್ಕೆ ಏರುತ್ತಿದೆ. ಎರಡೂ ಏಕಕಾಲಕ್ಕೆ ಗರಿಷ್ಠವಾಗುವ ದಿನ ಎಂಬುದು ಇಲ್ಲವೇ ಇಲ್ಲ. ಹತ್ತರಲ್ಲಿ ಒಂದು ಪಾಲು ಹೂ ಬಂದಾಗ ಕೊಯ್ಯಿರಿ ಎಂದು ಕೃಷಿ ಇಲಾಖೆಗಳು ದಶಕಗಳ ಕಾಲ ಹೇಳುತ್ತಿದ್ದುದು ಈ ಎರಡರ ನಡುವಿನ ರಾಜಿಯನ್ನೇ. ಬರಿಯ ಕಣ್ಣಿನಿಂದ ನೋಡಿದ ಪ್ಲಿನಿಯೂ ಹೆಚ್ಚು ಕಡಿಮೆ ಅಲ್ಲಿಗೇ ಬಂದಿದ್ದ.

ಕಳೆದು ಉಳಿದದ್ದರ ದೋಷ

ಈಗ ವೇಂಡೆಯ ದೋಷಕ್ಕೆ ಮರಳೋಣ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಕೊಡುವ ಎಚ್ಚರಿಕೆ ಒಂದಿದೆ. ನೇರವಾಗಿ ಅಳೆಯದೆ, ಉಳಿದವನ್ನೆಲ್ಲ ಕಳೆದು ಪಡೆದ ಸಂಖ್ಯೆಯನ್ನು ನಂಬಬೇಡಿ; ಎಲ್ಲ ಅಳತೆಗಳ ತಪ್ಪೂ ಅಲ್ಲಿ ಬಂದು ಸೇರುತ್ತದೆ. ವೇಂಡೆ ಕ್ರಮದಲ್ಲಿ 'ಸುಲಭವಾಗಿ ಜೀರ್ಣವಾಗುವ ಭಾಗ' ಇಂಥ ಸಂಖ್ಯೆ.

ಬಲಿಯುವ ಕಾಂಡದ ಜೀವಕೋಶಗಳ ಗೋಡೆಯಲ್ಲಿ ಮೂರು ಮುಖ್ಯ ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಮೊದಲಿನ ಎರಡನ್ನು ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಡೆಯಬಲ್ಲವು. ಲಿಗ್ನಿನ್ ಹಾಗಲ್ಲ. ಮರಕ್ಕೆ ಮರದ ಗಟ್ಟಿತನ ಕೊಡುವ ವಸ್ತು ಅದು. ತಾನೂ ಜೀರ್ಣವಾಗುವುದಿಲ್ಲ, ಕಾಂಕ್ರೀಟಿನಂತೆ ಸುತ್ತುಗಟ್ಟಿ ಅಕ್ಕಪಕ್ಕದ ಸೆಲ್ಯುಲೋಸನ್ನೂ ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಮಾಡುತ್ತದೆ. ತಡವಾದ ಕೊಯ್ಲಿನ ಮುಖ್ಯ ಅಪರಾಧಿ ಇದೇ.

ವೇಂಡೆ ಕ್ರಮದಲ್ಲಿ ಕ್ಷಾರದಲ್ಲಿ ಕುದಿಸಿದಾಗ ಲಿಗ್ನಿನ್ನಿನ ಒಂದು ಭಾಗ ಕರಗಿ ಹೋಗುತ್ತಿತ್ತು. ಕರಗಿದ್ದು ನಾರಿನ ಲೆಕ್ಕಕ್ಕೆ ಸೇರದೆ, ಕಳೆದು ಉಳಿದ 'ಸುಲಭ' ಭಾಗಕ್ಕೆ ಸೇರುತ್ತಿತ್ತು. ಅಂದರೆ ಹಸುವಿಗೆ ಕಿಂಚಿತ್ತೂ ದಕ್ಕದ ವಸ್ತು ಲೆಕ್ಕದ ಪುಸ್ತಕದಲ್ಲಿ ಸಕ್ಕರೆಯ ಪಕ್ಕದಲ್ಲಿ ಕುಳಿತಿತ್ತು! ಕೆಲವು ಮೇವುಗಳಲ್ಲಿ ಕಚ್ಚಾ ನಾರೇ ಈ 'ಸುಲಭ' ಭಾಗಕ್ಕಿಂತ ಚೆನ್ನಾಗಿ ಜೀರ್ಣವಾಗುವ ವಿಪರೀತ ಫಲಿತಾಂಶವೂ ಬರುತ್ತಿತ್ತು. ಬಲಿತ ಮೇವು ಕಾಗದದ ಮೇಲೆ ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತಿತ್ತು. ಅದನ್ನು ನಂಬಿ ಕೊಯ್ಲು ತಡಮಾಡಿದರೆ ನಷ್ಟ ರೈತನದು. ಆದರೂ ಈ ಕ್ರಮ ನೂರು ವರ್ಷ ಆಳಿತು.

ಇದನ್ನು ಸರಿಪಡಿಸಿದವರು ಪೀಟರ್ ವಾನ್ ಸೂಸ್ಟ್. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದಲ್ಲಿ ಅವರು ಹಿಡಿದ ಅಸ್ತ್ರ ಮಾರ್ಜಕ. ಅಂದರೆ ಬಟ್ಟೆ ಒಗೆಯುವ ಪುಡಿಯ ಜಾತಿಯ ರಾಸಾಯನಿಕ. ಮೇವನ್ನು ತಟಸ್ಥ ಮಾರ್ಜಕ ದ್ರಾವಣದಲ್ಲಿ ಕುದಿಸಿದರೆ ಜೀವಕೋಶದ ಒಳಗಿರುವ ಪ್ರೋಟೀನು, ಸಕ್ಕರೆ, ಕೊಬ್ಬು ಎಲ್ಲ ತೊಳೆದುಹೋಗಿ ಗೋಡೆಯ ನಾರು ಮಾತ್ರ ಉಳಿಯುತ್ತದೆ. ಇದು ಎನ್‌ಡಿಎಫ್, ತಟಸ್ಥ ಮಾರ್ಜಕ ನಾರು. ಆಮ್ಲ ಬೆರೆಸಿದ ಮಾರ್ಜಕದಲ್ಲಿ ಕುದಿಸಿದರೆ ಹೆಮಿಸೆಲ್ಯುಲೋಸೂ ಕರಗಿ, ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಉಳಿಯುತ್ತವೆ. ಇದು ಎಡಿಎಫ್, ಆಮ್ಲ ಮಾರ್ಜಕ ನಾರು. ಉಳಿದುದನ್ನು ಪ್ರಬಲ ಗಂಧಕಾಮ್ಲದಲ್ಲಿ ಹಾಕಿದರೆ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಒಂದೇ ಸಿಕ್ಕಿಬೀಳುತ್ತದೆ. ಎಡಿಎಫ್ ಕ್ರಮ 1963ರಲ್ಲಿ, ಎನ್‌ಡಿಎಫ್ ಕ್ರಮ 1967ರಲ್ಲಿ ಪ್ರಕಟವಾದವು.

ತಡಮಾಡಿದರೆ ಎಷ್ಟು ನಷ್ಟ?

ಕಾರ್ನೆಲ್ ವಿಶ್ವವಿದ್ಯಾಲಯದ ಜೆ. ಟಿ. ರೀಡ್ ಮತ್ತು ಸಂಗಡಿಗರು 1959ರಲ್ಲಿ ಇನ್ನೊಂದು ದಾರಿಯಿಂದ ಬಂದಿದ್ದರು. ಅಮೆರಿಕದ ಈಶಾನ್ಯ ರಾಜ್ಯಗಳ ವಸಂತದ ಮೊದಲ ಕೊಯ್ಲಿನ ಮೇವುಗಳ ಮೇಲೆ ಅವರು ಕೊಟ್ಟ ಸೂತ್ರ ಇಷ್ಟೇ: ಶೇಕಡ ಜೀರ್ಣತೆ = 85 − 0.48 × (ಏಪ್ರಿಲ್ 30ರ ನಂತರ ಕಳೆದ ದಿನಗಳು). ಮೇ 30ಕ್ಕೆ ಕೊಯ್ದರೆ 30 ದಿನ; ಜೀರ್ಣತೆ ಸುಮಾರು 70.6. ಜೂನ್ 20ಕ್ಕೆ ಕೊಯ್ದರೆ 51 ದಿನ. ಜೀರ್ಣತೆ ಸುಮಾರು 60.5. ದಿನವೊಂದಕ್ಕೆ ಅರ್ಧ ಶೇಕಡದ ನಷ್ಟ. ನೆಂಟರ ಮದುವೆ, ಯಂತ್ರದ ರಿಪೇರಿ, ಮಳೆಯ ಮೋಡ ಎಂದು ಒಂದು ವಾರ ಮುಂದೂಡಿದರೆ ಬೆಲೆ ಎಷ್ಟೆಂದು ಮೊದಲ ಬಾರಿಗೆ ಅಂಕಿಯಲ್ಲಿ ಹೇಳುವಂತಾಯಿತು. ಈ ಅಂಕಿಗಳು ಆ ನಾಡಿನ ಹವೆಗೆ ಮಾತ್ರ ಸಲ್ಲುತ್ತವೆ ಎಂಬುದನ್ನು ಮರೆಯಬಾರದು.

ನಾರಿನ ಅಳತೆ ಬಂದ ಮೇಲೆ ಲೆಕ್ಕ ಇನ್ನೂ ಸೂಕ್ಷ್ಮವಾಯಿತು. ಅಮೆರಿಕದ ಮೇವಿನ ಮಾರುಕಟ್ಟೆಯಲ್ಲಿ 'ಸಾಪೇಕ್ಷ ಮೇವು ಮೌಲ್ಯ' ಎಂಬ ಸೂಚ್ಯಂಕ ಬಳಕೆಗೆ ಬಂದಿತು. ಅದರ ಎರಡು ಭಾಗಗಳನ್ನು ನೀವೇ ಲೆಕ್ಕ ಮಾಡಿ ನೋಡಬಹುದು. ಜೀರ್ಣವಾಗುವ ಶೇಕಡ ಪ್ರಮಾಣ = 88.9 − 0.779 × ಎಡಿಎಫ್. ಹಸು ದಿನಕ್ಕೆ ತಿನ್ನಬಲ್ಲ ಒಣಪದಾರ್ಥ, ದೇಹತೂಕದ ಶೇಕಡವಾಗಿ = 120 ÷ ಎನ್‌ಡಿಎಫ್. ನಾರು ಹೆಚ್ಚಾದಷ್ಟೂ ಹೊಟ್ಟೆ ಬೇಗ ತುಂಬುತ್ತದೆ, ಹಸು ಕಡಿಮೆ ತಿನ್ನುತ್ತದೆ ಎಂಬುದು ಎರಡನೆಯ ಸೂತ್ರದ ಅರ್ಥ.

400 ಕಿಲೋಗ್ರಾಂ ತೂಕದ ಹಸುವಿಗೆ ಕುದುರೆ ಮಸಾಲೆ ಒಂದನ್ನೇ ತಿನ್ನಿಸುತ್ತೇವೆ ಎಂದಿಟ್ಟುಕೊಳ್ಳಿ. ಹೂ ಆರಂಭದ ಮೇವಿನಲ್ಲಿ ಎಡಿಎಫ್ 31, ಎನ್‌ಡಿಎಫ್ 42. ಹಸು ದಿನಕ್ಕೆ ಸುಮಾರು 11.4 ಕಿಲೋ ತಿನ್ನುತ್ತದೆ, ಅದರಲ್ಲಿ ಶೇಕಡ 64.8 ಜೀರ್ಣವಾಗುತ್ತದೆ, ದಕ್ಕಿದ್ದು 7.4 ಕಿಲೋ. ಎಡಿಎಫ್ 41, ಎನ್‌ಡಿಎಫ್ 53 ಇರುವ ಬಲಿತ ಮೇವಾದರೆ ಹಸು ತಿನ್ನುವುದು ಸುಮಾರು 9 ಕಿಲೋ, ಜೀರ್ಣವಾಗುವುದು ಶೇಕಡ 57, ದಕ್ಕಿದ್ದು 5.2 ಕಿಲೋ. ಹೊಲ ಅದೇ, ಹಸು ಅದೇ. ಆದರೂ ದಿನಕ್ಕೆ ಎರಡು ಕಿಲೋಗ್ರಾಮಿಗಿಂತ ಹೆಚ್ಚು ಆಹಾರದ ವ್ಯತ್ಯಾಸ. ಎರಡು ಇಳಿಕೆಗಳು ಒಂದರೊಡನೊಂದು ಗುಣಿಸಿಕೊಳ್ಳುವುದರಿಂದ ನಷ್ಟ ಇಷ್ಟು ದೊಡ್ಡದಾಗುತ್ತದೆ.

ಪ್ರೋಟೀನು ಅಳೆಯುತ್ತಿದ್ದ ಕಾಲಕ್ಕೆ 18ರಿಂದ 15ಕ್ಕೆ ಇಳಿಯುವುದು ಅಷ್ಟೇನೂ ಗಾಬರಿ ಹುಟ್ಟಿಸುವಂತಿರಲಿಲ್ಲ. ನಾರು ಅಳೆದಾಗ ಚಿತ್ರವೇ ಬದಲಾಯಿತು. ಗಟ್ಟಿಮುಟ್ಟಾದ, ರೋಗ ತಡೆಯುವ ಹೊಸ ತಳಿಗಳೂ ಬಂದಿದ್ದವು. ಹಾಲಿನ ಹಸು ಸಾಕುವವರು ಹೂವಿಗೆ ಕಾಯುವುದನ್ನು ಬಿಟ್ಟು ಮೊಗ್ಗಿನಲ್ಲೇ ಕೊಯ್ಯತೊಡಗಿದರು. ಸರಿಯಾದ ದಿನ ಹಿಂದಕ್ಕೆ ಸರಿಯಿತು.

ಬೆಳಕಿನ ಕಿರಣ ಮತ್ತು ಅಳತೆಯ ಕೋಲು

ಮಾರ್ಜಕದ ಪರೀಕ್ಷೆ ನಿಖರವಾದದ್ದೇನೋ ಸರಿ. ಆದರೆ ಮಾದರಿ ಪ್ರಯೋಗಶಾಲೆಗೆ ಹೋಗಿ ಫಲಿತಾಂಶ ಬರುವಷ್ಟರಲ್ಲಿ ಹೊಲದಲ್ಲಿ ಹೂ ಅರಳಿ ಹೋಗಿರುತ್ತದೆ! ಇಲ್ಲಿ ನೆರವಿಗೆ ಬಂದದ್ದು ಭೌತವಿಜ್ಞಾನ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ರೋಹಿತದ ಕೆಂಪು ಅಂಚಿನಾಚೆ ಥರ್ಮಾಮೀಟರ್ ಇಟ್ಟು ಕಂಡುಹಿಡಿದ ಅವಕೆಂಪು ಕಿರಣಗಳು ನಿಮಗೆ ಗೊತ್ತು. ಪ್ರೋಟೀನು, ನಾರು, ನೀರು ಇವುಗಳ ರಾಸಾಯನಿಕ ಬಂಧಗಳು ತಂತಮ್ಮ ಕಂಪನಕ್ಕೆ ಹೊಂದುವ ಅವಕೆಂಪು ತರಂಗಗಳನ್ನು ಹೀರುತ್ತವೆ. ಪುಡಿ ಮಾಡಿದ ಮೇವಿನ ಮೇಲೆ ಕಿರಣ ಹಾಯಿಸಿ, ಮರಳಿ ಬಂದ ಬೆಳಕನ್ನು ಓದಿದರೆ ಒಳಗೆ ಏನೆಷ್ಟಿದೆ ಎಂದು ಊಹಿಸಬಹುದು. ಬೆಲ್ಟ್ಸ್‌ವಿಲ್ಲಿನ ಎಂಜಿನಿಯರ್ ಕಾರ್ಲ್ ನೋರಿಸ್ ಮತ್ತು ಸಂಗಡಿಗರು ಮೇವಿನ ಗುಣವನ್ನು ಹೀಗೆ ಅಳೆಯಬಹುದೆಂದು 1976ರಲ್ಲಿ ತೋರಿಸಿದರು. ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಇನ್ನೂ ಸರಳವಾದ ದಾರಿ 1991ರಲ್ಲಿ ಬಂದಿತು. ವಿಸ್ಕಾನ್ಸಿನ್ನಿನ ಹಿಂಟ್ಸ್ ಮತ್ತು ಆಲ್ಬ್ರೆಕ್ಟ್ ಹೊಲದ ಒಂದು ಚಿಕ್ಕ ಚೌಕದಲ್ಲಿ ಎರಡೇ ವಿಷಯ ನೋಡಿದರು: ಅತಿ ಎತ್ತರದ ಕಾಂಡದ ಎತ್ತರ ಎಷ್ಟು, ಅತಿ ಬಲಿತ ಕಾಂಡ ಯಾವ ಹಂತದಲ್ಲಿದೆ. ಇವೆರಡರಿಂದಲೇ ನಾರಿನ ಪ್ರಮಾಣವನ್ನು ಸಾಕಷ್ಟು ಚೆನ್ನಾಗಿ ಅಂದಾಜು ಮಾಡಬಹುದೆಂದು ಕಂಡಿತು. ಕೋಷ್ಟಕ ಅಚ್ಚು ಹಾಕಿದ ಒಂದು ಕೋಲು ಇದ್ದರೆ ರೈತನೇ ಹೊಲದಲ್ಲಿ ನಿಂತು ಉತ್ತರ ಪಡೆಯಬಹುದು. ಆಮ್ಲ, ಮಾರ್ಜಕ, ರೋಹಿತ ಎಲ್ಲವನ್ನೂ ದಾಟಿ ವಿಜ್ಞಾನ ಮತ್ತೆ ಪ್ಲಿನಿಯ ಕಣ್ಣಿಗೇ ಬಂದಿತು. ಆದರೆ ಈಗ ಆ ಕಣ್ಣಿನ ಹಿಂದೆ ಸಂಖ್ಯೆಗಳಿದ್ದವು.

ದಿನವಷ್ಟೇ ಅಲ್ಲ, ದಿನದ ಯಾವ ಹೊತ್ತು ಎಂಬ ಪ್ರಶ್ನೆಯನ್ನೂ ಕೇಳಿದವರಿದ್ದಾರೆ. ಹಗಲಿಡೀ ಎಲೆ ಸಕ್ಕರೆ ತಯಾರಿಸುತ್ತದೆ, ರಾತ್ರಿ ಖರ್ಚು ಮಾಡುತ್ತದೆ. ಹಾಗಾದರೆ ಸಂಜೆಯ ಮೇವು ಹೆಚ್ಚು ಸಿಹಿಯಾಗಿರಬೇಕಲ್ಲವೆ? ಅಮೆರಿಕದ ಫಿಶರ್, ಮೇಲ್ಯಾಂಡ್ ಮತ್ತು ಬರ್ನ್ಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸೂರ್ಯೋದಯಕ್ಕೆ ಮತ್ತು ಸೂರ್ಯಾಸ್ತಕ್ಕೆ ಕೊಯ್ದ ಕುದುರೆ ಮಸಾಲೆಯ ಒಣಮೇವುಗಳನ್ನು ಪ್ರಾಣಿಗಳ ಮುಂದಿಟ್ಟರು. ಪ್ರಾಣಿಗಳು ಸಂಜೆ ಕೊಯ್ದದ್ದನ್ನೇ ಹೆಚ್ಚು ಮೆಚ್ಚಿದವು. ಆಯ್ಕೆಯ ಅವಕಾಶ ಸಿಕ್ಕಾಗ ಅವೂ ತಮ್ಮದೇ ರೀತಿಯಲ್ಲಿ ಬೆಂಡೆಕಾಯಿಯ ತುದಿ ಮುರಿಯಬಲ್ಲವು!

ಕಾಲವನ್ನೇ ನಿಧಾನಗೊಳಿಸುವ ಪ್ರಯತ್ನವೂ ನಡೆದಿದೆ. ಲಿಗ್ನಿನ್ ತಯಾರಿಕೆಗೆ ಬೇಕಾದ ಒಂದು ಕಿಣ್ವದ ಜೀನನ್ನು ತಗ್ಗಿಸಿದ ಕುಲಾಂತರಿ ಕುದುರೆ ಮಸಾಲೆಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಕೊಯ್ಲನ್ನು ಸುಮಾರು ಒಂದು ವಾರ ಮುಂದೂಡಿದರೂ ಗುಣ ಕೆಡಬಾರದು, ಅಷ್ಟರಲ್ಲಿ ಬೇರಿನ ಖಾತೆಯೂ ತುಂಬಬೇಕು ಎಂಬುದು ಉದ್ದೇಶ. ಎರಡು ರೇಖೆಗಳಲ್ಲಿ ಒಂದರ ಇಳಿಜಾರನ್ನೇ ತಗ್ಗಿಸುವ ಯತ್ನ ಇದು.

ನಮ್ಮ ಹೊಲದಲ್ಲಿ

ನಮ್ಮಲ್ಲಿ ಕುದುರೆ ಮಸಾಲೆಯನ್ನು ಒಣಗಿಸುವುದಕ್ಕಿಂತ ಹಸಿಯಾಗಿ ಹಾಕುವುದೇ ಹೆಚ್ಚು. ಬಿತ್ತಿದ ಸುಮಾರು ಎರಡು ತಿಂಗಳಿಗೆ ಮೊದಲ ಕಟಾವು, ಅನಂತರ 25ರಿಂದ 30 ದಿನಕ್ಕೊಮ್ಮೆ ಎಂಬುದು ಸಾಮಾನ್ಯ ಶಿಫಾರಸು. ಮೊದಲ ಕಟಾವಿಗೆ ಅಷ್ಟು ದಿನ ಏಕೆ, ಆಮೇಲೆ ಅರ್ಧ ಅವಧಿ ಏಕೆ ಎಂದು ನಿಮಗೆ ಅನ್ನಿಸಿರಬಹುದು. ಈಗ ಉತ್ತರ ನಿಮಗೆ ಗೊತ್ತು: ಬೇರಿನ ಖಾತೆ ತೆರೆಯಬೇಕು, ಅದರಲ್ಲಿ ಮೊದಲ ಠೇವಣಿ ಬೀಳಬೇಕು. ಮೊದಲ ಕೊಯ್ಲನ್ನು ತಡಮಾಡಿ ಎಂದ ಕೊಲುಮೆಲ್ಲನ ಮಾತಿನ ಹಿಂದಿನ ಕಾರಣವೂ ಇದೇ.

ಬೇರೆ ನಾಡಿನ ದಿನಗಳ ಲೆಕ್ಕವನ್ನು ನಾವು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಸೆಕೆ ಹೆಚ್ಚಿದಷ್ಟೂ ಗಿಡ ಬೇಗ ಬಲಿಯುತ್ತದೆ, ಕಾಂಡದಲ್ಲಿ ಲಿಗ್ನಿನ್ ಬೇಗ ಸೇರುತ್ತದೆ. ಬೇಸಿಗೆಯ 25 ದಿನವೂ ಚಳಿಗಾಲದ 25 ದಿನವೂ ಒಂದೇ ಅಲ್ಲ. ಕ್ಯಾಲೆಂಡರಿಗಿಂತ ಗಿಡವನ್ನು ನೋಡುವುದು ಮೇಲು. ಮೊಗ್ಗು ಮೂಡಿದೆಯೆ, ಅಲ್ಲೊಂದು ಇಲ್ಲೊಂದು ನೇರಳೆ ಹೂ ಕಾಣುತ್ತಿದೆಯೆ ನೋಡಿ. ಹೂ ಸರಿಯಾಗಿ ಬಾರದ ಕಾಲದಲ್ಲಿ ಬುಡ ನೋಡಿ. ಅಲ್ಲಿ ಹೊಸ ಚಿಗುರು ಒಂದೆರಡು ಅಂಗುಲ ಎದ್ದಿದ್ದರೆ ಮುಂದಿನ ಬೆಳೆಗೆ ಗಿಡ ಸಿದ್ಧವಾಗಿದೆ ಎಂದರ್ಥ. ಆ ಚಿಗುರನ್ನು ಸವರದಂತೆ ಮೇಲಿನಿಂದ ಕೊಯ್ಯಬೇಕು.

ಎಳೆಯ ಹಸಿ ಸೊಪ್ಪನ್ನು, ಅದರಲ್ಲೂ ಇಬ್ಬನಿಯಲ್ಲಿ ನೆನೆದದ್ದನ್ನು, ಹಸಿದ ದನಕ್ಕೆ ಒಮ್ಮೆಲೇ ಹಾಕಬಾರದು. ಅದರ ಕರಗುವ ಪ್ರೋಟೀನುಗಳು ಹೊಟ್ಟೆಯಲ್ಲಿ ಸಾಬೂನಿನ ನೊರೆಯಂಥ ಗಟ್ಟಿ ನೊರೆ ಎಬ್ಬಿಸುತ್ತವೆ. ಅನಿಲ ಗುಳ್ಳೆಗಳಲ್ಲಿ ಸಿಕ್ಕಿಬಿದ್ದು ತೇಗಿನಲ್ಲಿ ಹೊರಬರಲಾರದು. ಹೊಟ್ಟೆಯುಬ್ಬರದಿಂದ ದನ ಗಂಟೆಗಳಲ್ಲಿ ಸಾಯಬಹುದು. ಸೊಪ್ಪನ್ನು ಬಾಡಿಸಿ, ಜೋಳ ಅಥವಾ ನೇಪಿಯರ್ ಹುಲ್ಲಿನೊಡನೆ ಬೆರೆಸಿ ಹಾಕುವ ರೂಢಿ ಇರುವುದು ಇದಕ್ಕೇ. ಎಳೆತನಕ್ಕೂ ಒಂದು ಮಿತಿ ಇದೆ.

ಮೇವಿನ ಬೆಳೆಗಳ ಕುರಿತು ನಮ್ಮ ದೇಶದಲ್ಲೂ ಕೆಲಸ ನಡೆಯುತ್ತಿದೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆ 1962ರಲ್ಲಿ ಆರಂಭವಾಯಿತು. ಅದರ ದಕ್ಷಿಣ ವಲಯದ ಕೇಂದ್ರ ಧಾರವಾಡದಲ್ಲಿದೆ. ಆನಂದ್-2, ಆರ್‌ಎಲ್-88ರಂಥ ತಳಿಗಳು ರೈತರ ಕೈಯಲ್ಲಿವೆ. ಆದರೆ ಯಾವ ತಳಿ ಬಿತ್ತಿದರೂ ಕೊನೆಯ ನಿರ್ಧಾರ ಕುಡುಗೋಲು ಹಿಡಿದವರದೇ. ಹೆಚ್ಚು ಹೊರೆ ಬೇಕೆ, ಹೆಚ್ಚು ಹಾಲು ಬೇಕೆ, ಹೆಚ್ಚು ವರ್ಷ ನಿಲ್ಲುವ ಬೆಳೆ ಬೇಕೆ ಎಂದು ಮೊದಲು ತಾವೇ ಕೇಳಿಕೊಳ್ಳಬೇಕು. ಮೂರಕ್ಕೂ ಬೇರೆ ಬೇರೆ ದಿನ. ಹಾಲು ಕರೆಯುವ ಹಸುವಿಗೆ ಮೊಗ್ಗಿನಲ್ಲಿ ಕೊಯ್ಯುವುದಾದರೆ, ವರ್ಷದಲ್ಲಿ ಒಂದು ಸಲವಾದರೂ ಗಿಡವನ್ನು ಹೂವಾಗಲು ಬಿಡಿ. ಆ ಒಂದು ಕೊಯ್ಲಿನ ಮೇವು ಸ್ವಲ್ಪ ಒರಟಾದೀತು. ಆದರೆ ಆ ದಿನಗಳಲ್ಲಿ ಬೇರು ತನ್ನ ಖಾತೆ ತುಂಬಿಕೊಳ್ಳುತ್ತಿರುತ್ತದೆ.